ಬೆಂಗಳೂರಿನ ಅಮೆರಿಕನ್ ವಿಮಾನ ಡಿಪೋ ಮತ್ತು ಯುದ್ಧಕಾಲದ ವಿಮಾನಾಪಘಾತಗಳು

1942ರ ಏಪ್ರಿಲ್ 6ನೆಯ ದಿನ ಜಪಾನೀ ನೌಕಾಪಡೆಯ ವಿಮಾನಗಳು ವಿಶಾಖಪಟ್ಟಣ ಹಾಗೂ ಕಾಕಿನಾಡಗಳ ಮೇಲೆ ಬಾಂಬುಗಳನ್ನು ಸುರಿಸಿದುವು. ಋಷಿಕೊಂಡದಿಂದ ಬಂದರಿನವರೆಗಿನ ಕಡಲ ದಂಡೆಯು ಇನ್ನು ರಣಭೂಮಿಯ ಅಂಚು ಎಂಬುದು ಅಂದು ಜನರಿಗೆ ಮನವರಿಕೆಯಾಯಿತು. ಈ ಕರಾವಳಿಯ ಭೀತಿಗೂ ಬಹುದೂರದ ಬೆಂಗಳೂರಿನ ಒಂದು ಕಾರ್ಖಾನೆಗೂ ಇರುವ ಸಂಬಂಧವು ಸಾಮಾನ್ಯವಾಗಿ ಯಾರ ಗಮನಕ್ಕೂ ಬಂದಿಲ್ಲ. ಪೂರ್ವ ತೀರವು ಶತ್ರುವಿಗೆ ತೆರೆದುಕೊಂಡ ಆ ತಿಂಗಳಿನಲ್ಲಿಯೇ ಭಾರತ ಸರಕಾರವು ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯಲ್ಲಿದ್ದ ವಾಲ್‌ಚಂದ್ ಹೀರಾಚಂದರ ಪಾಲನ್ನು ಕೊಂಡುಕೊಂಡಿತು.

ಆ ಕಂಪನಿಯು ಸ್ಥಾಪಿತವಾದುದು 1940ರ ಡಿಸೆಂಬರಿನಲ್ಲಿ. ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಮೈಸೂರು ಸರಕಾರವು ಭೂಮಿಯನ್ನೂ ಬಂಡವಾಳದ ಪಾಲನ್ನೂ ಒದಗಿಸಿತು. ಅಮೆರಿಕದ ವಿಲಿಯಂ ಪಾಲಿಯವರು ಯಂತ್ರಗಳನ್ನೂ ತಜ್ಞರನ್ನೂ ತಂದರು. 1941ರಲ್ಲಿ ಇಲ್ಲಿ ಜೋಡಿಸಲಾದ ಹಾರ್ಲೋ ತರಬೇತಿ ವಿಮಾನವೂ 1942ರ ಜುಲೈಯಲ್ಲಿ ಕರ್ಟಿಸ್ ಹಾಕ್ ಕಾದಾಟದ ವಿಮಾನವೂ ಹಾರಿದುವು. ಅದೇ ವರುಷದ ಡಿಸೆಂಬರಿನಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನಲ್ಲಿ ವಿಮಾನಶಾಸ್ತ್ರದ ವಿಭಾಗವು ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಆರಂಭವಾಯಿತು. ನಮ್ಮ ಚರಿತ್ರೆಕಾರರು ಈ ‘ಮೊದಲು’ಗಳನ್ನು ಸಹಜವಾದ ಹೆಮ್ಮೆಯಿಂದ ಬರೆದಿಟ್ಟಿದ್ದಾರೆ. ಆದರೆ ಕಾರ್ಖಾನೆಯ ನಿಜವಾದ ಯುದ್ಧಕಾಲದ ಕಾರ್ಯವು ನಿರ್ಮಾಣವಾಗಿರಲಿಲ್ಲ, ದುರಸ್ತಿಯಾಗಿತ್ತು. 1943ರಲ್ಲಿ ಅದರ ಆಡಳಿತವು ಅಮೆರಿಕದ ಸೇನಾ ವಾಯುದಳಕ್ಕೆ ಹಸ್ತಾಂತರಗೊಂಡು, ಅದು 84ನೆಯ ಏರ್ ಡಿಪೋ ಎಂಬ ಹೆಸರನ್ನು ಪಡೆಯಿತು. ಜರ್ಝರಿತವಾದ ವಿಮಾನಗಳು ದೂರದ ನೆಲೆಗಳಿಂದ ಇಲ್ಲಿಗೆ ಬರುತ್ತಿದ್ದುವು. ನೀರಿನ ಮೇಲೆ ಇಳಿಯಬಲ್ಲ ಕೆಟಲೀನಾಗಳಿಗೆ ಬೆಳ್ಳಂದೂರಿನ ಕೆರೆಯೇ ಇಳಿದಾಣವಾಯಿತು. ಸಾವಿರಾರು ಮಂದಿ ಸ್ಥಳೀಯ ಕಾರ್ಮಿಕರು ಇಂಜಿನುಗಳನ್ನು ಬಿಚ್ಚಿ, ತೊಳೆದು, ಸವೆದುದನ್ನು ತೆಗೆದು, ಮರಳಿ ಜೋಡಿಸುವ ವಿದ್ಯೆಯನ್ನು ಕಲಿತರು.

ಈ ದುರಸ್ತಿಯ ಬೆಲೆಯೇನೆಂಬುದು ಅರಿವಾಗಬೇಕಾದರೆ ಅಪಘಾತಗಳ ಚರಿತ್ರೆಯನ್ನು ನೋಡಬೇಕು. ಯುದ್ಧದಲ್ಲಿ ವಿಮಾನಗಳು ಶತ್ರುವಿನ ಗುಂಡಿಗೆ ಬೀಳುತ್ತವೆಂಬುದು ಸಾಮಾನ್ಯ ನಂಬಿಕೆ. ಭಾರತದಲ್ಲಿದ್ದ ಅಮೆರಿಕನ್ ನೆಲೆಗಳ ಅನುಭವವು ಬೇರೆಯೇ ಆಗಿತ್ತು. 1944ರ ಏಪ್ರಿಲಿನಲ್ಲಿ ಬಿ-29 ಎಂಬ ಭಾರಿ ಬಾಂಬು ವಿಮಾನಗಳು ಬಂಗಾಳದ ಖರಗ್‌ಪುರದ ಸುತ್ತಣ ನೆಲೆಗಳಿಗೆ ಬರತೊಡಗಿದುವು. ಮಾರ್ಗಮಧ್ಯದಲ್ಲಿ, ಕರಾಚಿಯ ಸಮೀಪ, ಆ ತಿಂಗಳ 15ರಿಂದ 22ರವರೆಗಿನ ಒಂದೇ ವಾರದಲ್ಲಿ ಐದು ವಿಮಾನಗಳು ಅಪಘಾತಕ್ಕೀಡಾದುವು. ಅಲ್ಲಿ ಶತ್ರುವಿರಲಿಲ್ಲ, ಬಿಸಿಲಿತ್ತು. ಆ ವಿಮಾನದ ರೈಟ್ ಆರ್-3350 ಇಂಜಿನು ನೆಲಮಟ್ಟದಲ್ಲಿ 115 ಡಿಗ್ರಿ ಫ್ಯಾರನ್‌ಹೀಟಿಗೆ ಮೀರಿದ ಉಷ್ಣವನ್ನು ಎಣಿಸಿ ರಚಿತವಾದುದಲ್ಲ. ಕರಾಚಿಯ ಬೇಸಗೆಯು ಆ ಮೇರೆಯನ್ನು ಮೀರಿತು. ಕಾರಣವು ತಿಳಿಯುವವರೆಗೆ ದಾರಿಯಲ್ಲಿದ್ದ ವಿಮಾನಗಳನ್ನೆಲ್ಲ ನೆಲದ ಮೇಲೆಯೇ ತಡೆದಿರಿಸಬೇಕಾಯಿತು. ತರುವಾಯ ಗಾಳಿಯ ಹರಿವನ್ನೂ ಎಣ್ಣೆಯ ಸಂಚಾರವನ್ನೂ ಸುಧಾರಿಸಿ ಇಂಜಿನನ್ನು ತಂಪಾಗಿಡುವ ಉಪಾಯಗಳನ್ನು ಮಾಡಲಾಯಿತು.

ಇದಾದ ಮೇಲೆ ಜೂನ್ 5ರಂದು ಇದೇ ವಿಮಾನಗಳು ತಮ್ಮ ಮೊದಲ ಯುದ್ಧಯಾತ್ರೆಯಲ್ಲಿ ಬ್ಯಾಂಕಾಕಿನ ಮೇಲೆ ಹೊರಟುವು. 98 ವಿಮಾನಗಳು ಮೇಲೇರಿದುವು. ಅವುಗಳಲ್ಲಿ ಒಂದು ಏರುತ್ತಿದ್ದಂತೆಯೇ ಬಿದ್ದಿತು. ಒಟ್ಟಿನಲ್ಲಿ ಐದು ವಿಮಾನಗಳು ನಷ್ಟವಾದುವು. ಅವುಗಳಲ್ಲಿ ಒಂದೂ ಶತ್ರುವಿನ ಗುಂಡಿಗೆ ಬಿದ್ದುದಲ್ಲ.

ಅಸ್ಸಾಮಿನಿಂದ ಹಿಮಾಲಯದ ಪೂರ್ವದ ಸಾಲನ್ನು ದಾಟಿ ಚೀನಕ್ಕೆ ಸರಕು ಸಾಗಿಸುತ್ತಿದ್ದ ಮಾರ್ಗದ ಕಥೆ ಇನ್ನೂ ಘೋರವಾದುದು. ವಿಮಾನಚಾಲಕರು ‘ಗೂನು’ ಎಂಬ ಅರ್ಥದ ಇಂಗ್ಲಿಷ್ ಹೆಸರಿನಿಂದ ಕರೆದ ಆ ಮಾರ್ಗದಲ್ಲಿ 1942ರಿಂದ 1945ರವರೆಗೆ ಸುಮಾರು 600 ವಿಮಾನಗಳೂ 1,600ಕ್ಕೂ ಹೆಚ್ಚು ಮಂದಿಯೂ ಇಲ್ಲವಾದರು. ಹವೆ, ಹಿಮ, ಅಪರಿಚಿತ ಪರ್ವತಗಳು, ಅಲ್ಪ ತರಬೇತಿ, ದಣಿದ ಯಂತ್ರಗಳು ಇವೆಲ್ಲವೂ ಸೇರಿ ಮಾಡಿದ ಹತ್ಯೆಯದು. 1944ರ ಆರಂಭದಲ್ಲಿ ಪ್ರತಿ ಸಾವಿರ ಗಂಟೆಗಳ ಹಾರಾಟಕ್ಕೆ ಹೆಚ್ಚುಕಡಮೆ ಎರಡು ಅಪಘಾತಗಳಾಗುತ್ತಿದ್ದುವು. ಒಂದು ವರುಷದ ತರುವಾಯ ಆ ಪ್ರಮಾಣವು ಮೂರರಲ್ಲೊಂದು ಪಾಲಿಗಿಂತಲೂ ಬಹಳ ಕೆಳಕ್ಕೆ ಇಳಿಯಿತು. ಸರಕಿನ ಮೊತ್ತವಾದರೋ ಅದೇ ಅವಧಿಯಲ್ಲಿ ಹೆಚ್ಚುತ್ತಲೇ ಹೋಯಿತು.

ಈ ಬದಲಾವಣೆಯು ಸಾಹಸದಿಂದ ಆದುದಲ್ಲವೆಂಬುದು ಇಲ್ಲಿ ಗಮನಾರ್ಹ. 1944ರ ಸೆಪ್ಟೆಂಬರಿನಲ್ಲಿ ಅಧಿಕಾರ ವಹಿಸಿಕೊಂಡ ಜನರಲ್ ವಿಲಿಯಂ ಟನ್ನರರು ಪ್ರತಿಯೊಂದು ಅಪಘಾತದ ಕಾರಣವನ್ನೂ ಶೋಧಿಸುವ ಪದ್ಧತಿಯನ್ನು ಬಲಪಡಿಸಿದರು. ಒಬ್ಬೊಬ್ಬ ಮೆಕ್ಯಾನಿಕನು ಒಂದೊಂದು ವಿಮಾನವನ್ನು ತನ್ನದೆಂದು ನೋಡಿಕೊಳ್ಳುವ ಹಳೆಯ ಕ್ರಮವನ್ನು ಬಿಟ್ಟು, ವಿಮಾನವು ಸಾಲಾಗಿ ಹಲವು ನಿಲ್ದಾಣಗಳನ್ನು ದಾಟುತ್ತ ಪ್ರತಿ ನಿಲ್ದಾಣದಲ್ಲಿ ಒಂದೇ ಬಗೆಯ ಪರೀಕ್ಷೆಗೆ ಒಳಗಾಗುವ ಕ್ರಮವನ್ನು ತಂದರು. ವೀರನ ಕೆಲಸವೆಂದು ಎಣಿಸಲಾಗಿದ್ದುದು ಶಿಸ್ತಿನ ಕೆಲಸವಾಯಿತು. ಪ್ರಾಣಗಳು ಉಳಿದುವು.

ಬೆಂಗಳೂರಿನ ಡಿಪೋವಿನ ಚಾರಿತ್ರಿಕ ಅರ್ಥವನ್ನು ಈ ಬೆಳಕಿನಲ್ಲಿ ತಿಳಿಯಬೇಕು. ಸವೆದ ಒಂದು ಉಂಗುರವನ್ನು ಗುರುತಿಸಿ ಬದಲಿಸಿದ ಕಾರ್ಮಿಕನು ನಡೆಯದೆ ಹೋದ ಒಂದು ಅಪಘಾತಕ್ಕೆ ಕಾರಣನಾಗುತ್ತಾನೆ. ನಡೆಯದ ಘಟನೆಗೆ ದಾಖಲೆಯಿಲ್ಲ. ಆದುದರಿಂದಲೇ ಅವನಿಗೆ ಚರಿತ್ರೆಯಲ್ಲಿ ಸ್ಥಾನವೂ ದೊರೆತಿಲ್ಲ.

ಆ ವಿದ್ಯೆಯು ಅಮೆರಿಕನ್ನರೊಡನೆ ಹೊರಟುಹೋಗಲಿಲ್ಲವೆಂಬುದಕ್ಕೆ ಒಂದು ಪ್ರಬಲ ಸಾಕ್ಷ್ಯವಿದೆ. ಯುದ್ಧವು ಮುಗಿದಾಗ ಕಾನ್ಪುರದಲ್ಲಿ ಅನೇಕ ಲಿಬರೇಟರ್ ಬಾಂಬು ವಿಮಾನಗಳನ್ನು ಮತ್ತೆ ಹಾರದಂತೆ ಉದ್ದೇಶಪೂರ್ವಕವಾಗಿ ಕೆಡಿಸಿ ಬಿಟ್ಟುಹೋಗಲಾಗಿತ್ತು. ಸ್ವತಂತ್ರ ಭಾರತಕ್ಕೆ ಬಾಂಬು ವಿಮಾನಗಳ ಅಗತ್ಯ ಬಿದ್ದಾಗ ಬೆಂಗಳೂರಿನ ಕಾರ್ಖಾನೆಯವರು ಅಲ್ಲಿಗೆ ಹೋಗಿ, ಒಂದರ ಭಾಗವನ್ನು ಇನ್ನೊಂದಕ್ಕೆ ಕೂಡಿಸಿ, ಸುಮಾರು 40 ವಿಮಾನಗಳನ್ನು ಹಾರುವ ಸ್ಥಿತಿಗೆ ತಂದರು. ಪರೀಕ್ಷಾ ಚಾಲಕ ಜಮ್ಷೆಡ್ ಮುನ್ಷಿಯವರು ಅವುಗಳನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಅಲ್ಲಿ ಪೂರ್ಣ ದುರಸ್ತಿಯಾದ ವಿಮಾನಗಳಿಂದ 1948ರ ನವೆಂಬರಿನಲ್ಲಿ ಭಾರತೀಯ ವಾಯುದಳದ 5ನೆಯ ಸ್ಕ್ವಾಡ್ರನ್ ರಚಿತವಾಯಿತು. ಒಡೆದುದನ್ನು ಕೂಡಿಸುವ ಕೈಗಳು ಐದೇ ವರುಷಗಳಲ್ಲಿ ಎಷ್ಟು ಪಳಗಿದ್ದುವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಹಾಗೆಂದು ಬೆಂಗಳೂರಿನ ಆಕಾಶವು ದುರಂತಗಳಿಂದ ಮುಕ್ತವಾಗಿತ್ತೆನ್ನಲಾಗದು. 1961ರ ಜೂನಿನಲ್ಲಿ ‘ಮಾರುತ’ ಜೆಟ್ ವಿಮಾನವನ್ನು ಮೊದಲು ಹಾರಿಸಿದ ಸುರಂಜನ ದಾಸರು, 1970ರ ಜನವರಿ 10ರಂದು ಅದೇ ವಿಮಾನದ ಹೆಚ್ಚು ಶಕ್ತಿಯುತವಾದ ಇನ್ನೊಂದು ರೂಪವನ್ನು ಪರೀಕ್ಷಿಸುತ್ತಿದ್ದಾಗ ಮಡಿದರು. ನಗರದ ಒಂದು ರಸ್ತೆ ಅವರ ಹೆಸರನ್ನು ಹೊತ್ತಿದೆ. ಪ್ರತಿದಿನ ಅದರಲ್ಲಿ ಸಂಚರಿಸುವ ಎಷ್ಟು ಮಂದಿಗೆ ಆ ಹೆಸರಿನ ಅರ್ಥವು ತಿಳಿದಿದೆಯೋ ಹೇಳುವುದು ಕಷ್ಟ.

ಆಂಧ್ರದ ಕರಾವಳಿಯಲ್ಲಿ ನೆಲಸಿರುವ ಕನ್ನಡಿಗರಿಗೆ ಈ ವಿಷಯವು ಪರಕೀಯವಲ್ಲ. 2016ರ ಜುಲೈ 22ರಂದು ಮದರಾಸಿನ ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ವಾಯುಪಡೆಯ ಎಎನ್-32 ವಿಮಾನವು ಬಂಗಾಳಕೊಲ್ಲಿಯ ಮೇಲೆ ಕಣ್ಮರೆಯಾಯಿತು. ಅದರಲ್ಲಿದ್ದ 29 ಮಂದಿಯಲ್ಲಿ ಎಂಟು ಮಂದಿ ವಿಶಾಖಪಟ್ಟಣದ ನೌಕಾ ಆಯುಧಾಗಾರದ ನೌಕರರು. ಅದರ ಅವಶೇಷಗಳು ಸುಮಾರು 3,400 ಮೀಟರುಗಳ ಆಳದಲ್ಲಿ ದೊರೆತುವೆಂಬ ಪ್ರಕಟಣೆ ಹೊರಬಿದ್ದುದು 2024ರ ಜನವರಿಯಲ್ಲಿ. ಏಳೂವರೆ ವರುಷಗಳ ಕಾಲ ಆ ಮನೆಗಳವರಿಗೆ ದುಃಖಿಸಲು ಒಂದು ಸ್ಥಳವೂ ಇರಲಿಲ್ಲ.

ಅಪಘಾತದ ಕಾರಣವನ್ನು ಹುಡುಕುವುದು ಕೇವಲ ಯಂತ್ರಶಾಸ್ತ್ರದ ಕಾರ್ಯವಲ್ಲ. ಅದು ಸತ್ತವರಿಗೂ ಇನ್ನು ಹಾರಬೇಕಾದವರಿಗೂ ಸಲ್ಲಬೇಕಾದ ಋಣ. ಕನ್ನಡ ನಾಡಿನ ವಿಮಾನ ಚರಿತ್ರೆಯನ್ನು ಮುಂದೆ ಬರೆಯುವವರು ಮೊದಲ ಹಾರಾಟಗಳ ಪಟ್ಟಿಯ ಪಕ್ಕದಲ್ಲಿ ಬಿದ್ದ ವಿಮಾನಗಳ ಪಟ್ಟಿಯನ್ನೂ, ಬೀಳದಂತೆ ನೋಡಿಕೊಂಡ ಕಾರ್ಮಿಕರ ಕಥೆಯನ್ನೂ ಇಡಬೇಕಾಗಿದೆ. ಡಿಪೋವಿನಲ್ಲಿ ದುಡಿದ ತಲೆಮಾರು ಬಹುಮಟ್ಟಿಗೆ ಗತಿಸಿದೆ. ಅವರ ಮನೆಗಳಲ್ಲಿ ಉಳಿದಿರಬಹುದಾದ ಕಾಗದಪತ್ರಗಳೂ ನೆನಪುಗಳೂ ಚದುರಿಹೋಗುವ ಮುನ್ನ ಸಂಗ್ರಹಿಸುವ ಕೆಲಸವು, ನಾಡಿನ ಒಳಗಿರಲಿ ಹೊರಗಿರಲಿ, ಕನ್ನಡ ಸಂಘಗಳ ಕೈಗೆ ಎಟುಕುವಂತಹದೇ ಆಗಿದೆ.