ಕಡ್ಡಾಯ ಕವಾಯತಿನ ಐದು ವರ್ಷ

ಹದಿನೆಂಟು ತುಂಬಿದ ಹುಡುಗನ ಮನೆಗೆ ಸರ್ಕಾರದಿಂದ ಒಂದು ಪತ್ರ ಬರುತ್ತದೆ. ಇಂಥ ದಿನ, ಇಂಥ ಕಡೆ ದೇಹ ಪರೀಕ್ಷೆಗೆ ಹಾಜರಾಗಬೇಕೆಂದು ಅದರಲ್ಲಿ ಬರೆದಿರುತ್ತದೆ. ಇಪ್ಪತ್ತನೆಯ ಶತಮಾನದ ಯುರೋಪು, ಅಮೆರಿಕಗಳ ಲಕ್ಷಾಂತರ ಕುಟುಂಬಗಳು ಇಂತಹ ಪತ್ರದ ಭಯದಲ್ಲಿ ಬದುಕಿದವು. ನಮ್ಮಲ್ಲಿ ಆ ಪತ್ರ ಯಾರ ಮನೆಗೂ ಬರಲಿಲ್ಲ. ಎಲ್ಲ ಯುವಕರನ್ನೂ ಸೈನ್ಯಕ್ಕೆ ಬಲವಂತವಾಗಿ ಸೇರಿಸುವ ಕಾಯಿದೆಯನ್ನು ಸ್ವತಂತ್ರ ಭಾರತ ಎಂದೂ ಮಾಡಿಲ್ಲ.

ಆದರೂ 1963ರಿಂದ 1968ರವರೆಗೆ ಕಾಲೇಜು ಓದಿದ ನಮ್ಮ ಪೀಳಿಗೆಯ ಗಂಡುಹುಡುಗರು ಆ ಅನುಭವದ ಹೊಸ್ತಿಲವರೆಗೆ ಹೋಗಿ ಬಂದವರು. ಆ ಐದು ವರ್ಷ ದೇಹ ಗಟ್ಟಿಯಾಗಿದ್ದ ಪ್ರತಿಯೊಬ್ಬ ವಿದ್ಯಾರ್ಥಿಗೂ ಎನ್.ಸಿ.ಸಿ. ಕಡ್ಡಾಯವಾಗಿತ್ತು. ಅದು ಬರೀ ಕವಾಯತೋ, ಸೈನ್ಯಕ್ಕೆ ಕರೆದೊಯ್ಯುವ ಮೊದಲ ಮೆಟ್ಟಿಲೋ ಎಂಬುದು ಆಗ ಅನೇಕ ಮನೆಗಳಲ್ಲಿ ಕೇಳಿಬಂದ ಪ್ರಶ್ನೆ.

ಪೇಟೆ ಮತ್ತು ದಂಡು

ಬೆಂಗಳೂರಿಗೆ ಸೈನಿಕರು ಹೊಸಬರಲ್ಲ. 1809ರಿಂದಲೂ ಇಲ್ಲಿ ಬ್ರಿಟಿಷರ ದಂಡು ಇತ್ತು. ಆದರೆ ದಂಡು ಊರಿನ ಪೂರ್ವಕ್ಕೆ, ಹಲಸೂರಿನ ಕಡೆಗೆ. ಪಶ್ಚಿಮದ ಪೇಟೆಯ ಜನಕ್ಕೆ ಅದು ಬೇರೊಂದು ಊರಿನಂತೆಯೇ ಇತ್ತು. ಕುತೂಹಲದ ಸಂಗತಿಯೆಂದರೆ, ಕಡ್ಡಾಯ ಸೈನಿಕ ಸೇವೆಯ ಕಾಯಿದೆ ಬ್ರಿಟಿಷ್ ಭಾರತಕ್ಕೆ ಬಂದಾಗಲೂ ಅದು ಭಾರತೀಯರನ್ನು ಮುಟ್ಟಲಿಲ್ಲ. 1917ರ ಇಂಡಿಯನ್ ಡಿಫೆನ್ಸ್ ಫೋರ್ಸ್ ಕಾಯಿದೆ ಇಲ್ಲಿದ್ದ ಐರೋಪ್ಯ ಬ್ರಿಟಿಷ್ ಪ್ರಜೆಗಳಿಗೆ ಮಾತ್ರ ಸೇವೆಯನ್ನು ಕಡ್ಡಾಯ ಮಾಡಿತು. ಭಾರತೀಯರು ಇಷ್ಟವಿದ್ದರೆ ಸೇರಬಹುದಿತ್ತು. ಎರಡನೆಯ ಮಹಾಯುದ್ಧ ಬಂದಾಗ, 1940ರಲ್ಲಿ, ಮತ್ತೆ ಐರೋಪ್ಯರಿಗಾಗಿಯೇ ಇಂತಹ ಇನ್ನೊಂದು ಕಾಯಿದೆಯಾಯಿತು.

ಮೈಸೂರು ಸಂಸ್ಥಾನದ ಸೈನ್ಯವೂ ಸಂಬಳಕ್ಕೆ ಸೇರಿದವರ ಸೈನ್ಯವೇ. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ತೀನಿನ ಹೈಫಾ ಪಟ್ಟಣವನ್ನು ಗೆಲ್ಲುವಲ್ಲಿ ಪಾಲ್ಗೊಂಡ ಮೈಸೂರು ಲ್ಯಾನ್ಸರ್ಸ್ ಅಶ್ವದಳದವರನ್ನು ಯಾರೂ ಮನೆಯಿಂದ ಎಳೆದುಕೊಂಡು ಹೋಗಿರಲಿಲ್ಲ. ಹೀಗಾಗಿ ನಮ್ಮ ಪಶ್ಚಿಮ ಬೆಂಗಳೂರಿನ ಮಧ್ಯಮ ವರ್ಗಕ್ಕೆ ಮಿಲಿಟರಿ ಎಂದರೆ ಬೇರೆಯವರ ಮಕ್ಕಳು ಹೋಗುವ ಜಾಗ ಎಂಬ ಭಾವನೆ ಬಹುಕಾಲ ಉಳಿದುಬಂತು.

1949ರಲ್ಲಿ ಶಂಕುಸ್ಥಾಪನೆಯಾಗಿ ರಾಜಾಜಿಯವರ ಹೆಸರು ಪಡೆದ ರಾಜಾಜಿನಗರ, ಅರವತ್ತರ ದಶಕದಲ್ಲಿ ಇನ್ನೂ ಹೊಸ ಬಡಾವಣೆ. ಇಂದಿನ ವಿಜಯನಗರ, ಬಸವೇಶ್ವರನಗರಗಳ ಕಡೆಗೆ ಬಹುಪಾಲು ಹೊಲ, ತೋಪು. ಕೆಂಗೇರಿ ದೂರದ ಊರು. ಸೋಪ್ ಫ್ಯಾಕ್ಟರಿಯ ನೌಕರರು, ಬಿನ್ನಿ ಮಿಲ್ಲಿನ ಕೆಲಸಗಾರರು, ಸರ್ಕಾರಿ ಗುಮಾಸ್ತರು ತಮ್ಮ ಮಕ್ಕಳು ಓದಿ ಕೆಲಸಕ್ಕೆ ಸೇರಲಿ ಎಂದು ಕಾಯುತ್ತಿದ್ದ ಬಡಾವಣೆ ಅದು. ಅಲ್ಲಿಯ ಮನೆಗಳಿಗೆ ಖಾಕಿ ಬಂದದ್ದು ಕಾಲೇಜಿನ ಮೂಲಕ.

ಚೀನಾ ಯುದ್ಧದ ಪೆಟ್ಟು

1962ರ ಅಕ್ಟೋಬರ್ 20ರಂದು ಚೀನಾ ದಾಳಿ ಆರಂಭವಾಯಿತು. 26ರಂದು ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಒಂದು ತಿಂಗಳಲ್ಲಿ ಯುದ್ಧ ನಿಂತರೂ ಸೋಲಿನ ನೋವು ನಿಲ್ಲಲಿಲ್ಲ. ಹೆಂಗಸರು ರಕ್ಷಣಾ ನಿಧಿಗೆ ಬಳೆ ಬಿಚ್ಚಿ ಕೊಟ್ಟರು. ಸೈನ್ಯವನ್ನು ಬೇಗ ಹಿಗ್ಗಿಸಬೇಕಾಗಿದ್ದರಿಂದ ಪದವೀಧರರಿಗೆ ಅಲ್ಪಾವಧಿ ತರಬೇತಿ ಕೊಟ್ಟು ತುರ್ತು ಕಮಿಷನ್ ನೀಡಲಾಯಿತು. ಮರುವರ್ಷ ಎನ್.ಸಿ.ಸಿ. ಕಡ್ಡಾಯವಾಯಿತು. ಪಂಡಿತ ಹೃದಯನಾಥ ಕುಂಜ್ರು ಅವರ ಸಮಿತಿಯ ಸಲಹೆಯಂತೆ 1948ರಲ್ಲಿ ಆರಂಭವಾಗಿದ್ದ ಈ ದಳ ಅಲ್ಲಿಯವರೆಗೆ ಇಷ್ಟಪಟ್ಟವರ ದಳವಾಗಿತ್ತು.

ನಾನು ಪದವಿ ತರಗತಿಗೆ ಸೇರಿದ್ದು 1964ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿದ ವರ್ಷ. ಪರೇಡ್ ಇದ್ದ ದಿನ ನಸುಕಿನಲ್ಲೇ ಎದ್ದು, ಅನ್ನದ ಗಂಜಿ ಹಾಕಿ ಇಸ್ತ್ರಿ ಮಾಡಿದ ಖಾಕಿ ಚಡ್ಡಿ ತೊಟ್ಟು, ಬೆಲ್ಟಿನ ಹಿತ್ತಾಳೆಗೆ ಬ್ರಾಸೊ ತಿಕ್ಕಿ ಬಿ.ಟಿ.ಎಸ್. ಬಸ್ಸಿಗೆ ಓಡಬೇಕಾಗಿತ್ತು. ಬೂಟು ಸರ್ಕಾರದ್ದು. ಅಳತೆ ಸರಿಹೋಗುವುದು ಅದೃಷ್ಟಕ್ಕೆ ಬಿಟ್ಟದ್ದು. ಆಜ್ಞೆಗಳೆಲ್ಲ ಹಿಂದಿಯಲ್ಲಿ. 'ದಾಹಿನೇ ಮುಡ್' ಎಂದಾಗ ಅರ್ಧ ಸಾಲು ಎಡಕ್ಕೆ ತಿರುಗುತ್ತಿತ್ತು. ಹುಡುಗರು ನೂರಾರು, ಬಂದೂಕು ಕೆಲವೇ. ಬಹಳ ದಿನ ನಾವು ಹೆಗಲೇರಿಸಿದ್ದು ಮರದ ಬಂದೂಕನ್ನು. ಕವಾಯತು ಮುಗಿದ ಮೇಲೆ ಕೊಡುತ್ತಿದ್ದ ತಿಂಡಿಗಾಗಿಯೇ ತಪ್ಪದೆ ಬರುವವರೂ ಇದ್ದರು.

ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂಬ ಹೆದರಿಕೆ ಎಲ್ಲರಿಗೂ ಇತ್ತು. ವಿನಾಯಿತಿಗೆ ಇದ್ದ ದಾರಿ ವೈದ್ಯರ ಸರ್ಟಿಫಿಕೇಟು. ಚಪ್ಪಟೆ ಪಾದ, ಉಬ್ಬಸ, ದೃಷ್ಟಿದೋಷ ಇತ್ಯಾದಿ ಕಾಯಿಲೆಗಳು ಜೂನ್ ತಿಂಗಳಲ್ಲಿ ಹೆಚ್ಚುತ್ತಿದ್ದವು. ಅನುಕೂಲಸ್ಥರ ಮಕ್ಕಳಿಗೆ ಆ ಸರ್ಟಿಫಿಕೇಟು ಸುಲಭವಾಗಿ ಸಿಗುತ್ತಿತ್ತು, ಮಿಲ್ಲು ಕಾರ್ಮಿಕರ ಮಕ್ಕಳಿಗೆ ಸಿಗುತ್ತಿರಲಿಲ್ಲ. ಕಡ್ಡಾಯ ಎನ್ನುವುದು ಎಲ್ಲರಿಗೂ ಒಂದೇ ತೂಕದ್ದಲ್ಲ ಎಂದು ನಮಗೆ ತಿಳಿದದ್ದು ಹಾಗೆ.

1965ರ ಸೆಪ್ಟೆಂಬರಿನಲ್ಲಿ ಪಾಕಿಸ್ತಾನದೊಡನೆ ಯುದ್ಧ ನಡೆದಾಗ ಅನುಮಾನ ಭಯವಾಯಿತು. ಸಮವಸ್ತ್ರ ತೊಟ್ಟ ಹುಡುಗರನ್ನೇ ಮೊದಲು ಕರೆಯುತ್ತಾರೆ ಎಂದು ಬೀದಿಯ ಕೊಳಾಯಿಯ ಹತ್ತಿರ ಮಾತು ಹಬ್ಬಿತು. ನಮ್ಮ ತಾಯಿ ನನ್ನ ಖಾಕಿ ಬಟ್ಟೆಯನ್ನು ಟ್ರಂಕಿನ ಅಡಿಗೆ ಸೇರಿಸಿದರು.

ಕಾಯಿದೆ ಹೇಳಿದ್ದು ಬೇರೆ

ಆ ಭಯಕ್ಕೆ ಉತ್ತರ ಕಾಯಿದೆಯಲ್ಲೇ ಇತ್ತು. ಎನ್.ಸಿ.ಸಿ.ಗೆ ಸೇರಿದ ಮಾತ್ರಕ್ಕೆ ಯಾರೂ ಯುದ್ಧಸೇವೆಗೆ ಬಾಧ್ಯರಲ್ಲ ಎಂಬುದು 1948ರ ಕಾಯಿದೆಯ ನಿಲುವು. ಇನ್ನೂ ದೊಡ್ಡ ವಿಷಯವೆಂದರೆ, ವಿದ್ಯಾರ್ಥಿ ತಾನಾಗಿ ಮುಂದೆ ಬಂದು ಹೆಸರು ಕೊಡಬಹುದು ಎಂದಷ್ಟೇ ಆ ಕಾಯಿದೆ ಹೇಳುತ್ತದೆ. ಬಲವಂತ ಬಂದದ್ದು ಕಾಲೇಜು, ವಿಶ್ವವಿದ್ಯಾಲಯಗಳ ನಿಯಮದ ದಾರಿಯಲ್ಲಿ. ಯುದ್ಧದ ಸಮಯದಲ್ಲಿ ಎನ್.ಸಿ.ಸಿ.ಯ ಪಾಲಿಗೆ ಬಂದದ್ದು ನಾಗರಿಕ ರಕ್ಷಣೆ, ಸಂಚಾರ ನಿಯಂತ್ರಣ, ಶಸ್ತ್ರಾಸ್ತ್ರ ಕಾರ್ಖಾನೆಗಳಿಗೆ ನೆರವು ಇಂತಹ ಕೆಲಸಗಳು. ಇದನ್ನು ಯಾರಾದರೂ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಕಾಲೇಜಿನ ಬೋರ್ಡಿಗೆ ಹಚ್ಚಿದ್ದರೆ ಎಷ್ಟೋ ತಾಯಂದಿರು ನೆಮ್ಮದಿಯಿಂದ ನಿದ್ದೆ ಮಾಡುತ್ತಿದ್ದರು.

ಹಾಗೆಂದು ಸರ್ಕಾರದ ಕೈ ಕಟ್ಟಿತ್ತೆಂದಲ್ಲ. ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸುತ್ತಲೇ, ಸಾರ್ವಜನಿಕ ಉದ್ದೇಶಕ್ಕೆ ಕಡ್ಡಾಯ ಸೇವೆ ವಿಧಿಸಲು ಅವಕಾಶ ಕೊಡುತ್ತದೆ. ಹಾಗೆ ವಿಧಿಸುವಾಗ ಧರ್ಮ, ಜನಾಂಗ, ಜಾತಿ, ವರ್ಗಗಳ ಆಧಾರದ ಮೇಲೆ ಭೇದ ಮಾಡಬಾರದು ಎಂಬುದಷ್ಟೇ ಷರತ್ತು. ಕೇಂದ್ರದ ಎಂಜಿನಿಯರಿಂಗ್ ಸೇವೆಗೆ ಸೇರುವವರು ಮೊದಲ ಹತ್ತು ವರ್ಷಗಳೊಳಗೆ ಕರೆದರೆ ಕನಿಷ್ಠ ನಾಲ್ಕು ವರ್ಷ ರಕ್ಷಣಾ ಸೇವೆ ಮಾಡಬೇಕೆಂಬ ಷರತ್ತು ನೇಮಕಾತಿ ನಿಯಮಗಳಲ್ಲಿ ಸೇರಿತು. 1972ರಲ್ಲಿ ಮೂವತ್ತು ತುಂಬದ ಎಂಜಿನಿಯರು, ವೈದ್ಯರನ್ನು ರಾಷ್ಟ್ರೀಯ ಸೇವೆಗೆ ಕರೆಯುವ ಕಾಯಿದೆಯೇ ಆಯಿತು. ಸಾಮಾನ್ಯ ಯುವಕನನ್ನು ಮಾತ್ರ ಯಾವ ಕಾಯಿದೆಯೂ ಹುಡುಕಿಕೊಂಡು ಬರಲಿಲ್ಲ.

ಕಡಲಾಚೆಯ ಚೀಟಿ

ನಿಜವಾದ ಕರೆಯನ್ನು ಎದುರಿಸಬೇಕಾದ ಭಾರತೀಯ ಯುವಕರೂ ಇದ್ದರು, ಆದರೆ ಅಮೆರಿಕದಲ್ಲಿ. 1965ರ ಹೊಸ ವಲಸೆ ಕಾನೂನಿನ ನಂತರ ನಮ್ಮ ಎಂಜಿನಿಯರುಗಳು ಅಲ್ಲಿಗೆ ಹೋಗುವುದು ಹೆಚ್ಚಿತು. ಗ್ರೀನ್ ಕಾರ್ಡ್ ಪಡೆದವರು ಪೌರರಲ್ಲದಿದ್ದರೂ ಸೈನಿಕ ಸೇವೆಯ ಕಾನೂನಿಗೆ ಒಳಪಡುತ್ತಿದ್ದರು. 1969ರ ಡಿಸೆಂಬರ್ 1ರಂದು ವಾಷಿಂಗ್ಟನ್ನಿನಲ್ಲಿ ಗಾಜಿನ ಪಾತ್ರೆಯಿಂದ ಒಂದೊಂದೇ ಹುಟ್ಟಿದ ದಿನಾಂಕದ ಚೀಟಿ ಎತ್ತಿ, ವಿಯೆಟ್ನಾಂ ಯುದ್ಧಕಾಲದ ಸೈನ್ಯಕ್ಕೆ ಕರೆಯುವ ಸರದಿಯನ್ನು ನಿಗದಿ ಮಾಡಿದರು. ಆ ಲಾಟರಿ 1944ರಿಂದ 1950ರವರೆಗೆ ಹುಟ್ಟಿದವರಿಗೆ, ಅಂದರೆ ನಮ್ಮ ಜೊತೆ ಮರದ ಬಂದೂಕು ಹೊತ್ತ ವಯಸ್ಸಿನವರಿಗೇ. ಅಲ್ಲಿ ಬಲವಂತದ ಭರ್ತಿ 1973ರಲ್ಲಿ ನಿಂತಿತು.

ಇಲ್ಲಿ ಕಡ್ಡಾಯ ಕವಾಯತು ಅದಕ್ಕೂ ಮೊದಲೇ ನಿಂತಿತ್ತು. 1962ರಲ್ಲಿ ಹೇರಿದ್ದ ತುರ್ತು ಪರಿಸ್ಥಿತಿ 1968ರ ಜನವರಿಯಲ್ಲಿ ಕೊನೆಗೊಂಡಿತು. ಅದೇ ವರ್ಷ ಎನ್.ಸಿ.ಸಿ. ಮತ್ತೆ ಐಚ್ಛಿಕವಾಯಿತು. 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳೊಂದಿಗೆ ಎನ್.ಎಸ್.ಎಸ್. ಆರಂಭವಾಗಿ, ಬಂದೂಕಿನ ಬದಲು ಗುದ್ದಲಿ ಹಿಡಿಯುವ ಆಯ್ಕೆ ಬಂತು.

ಯುವಕರಿಗೆ ಶಿಸ್ತಿಲ್ಲ, ಎಲ್ಲರಿಗೂ ಸೈನಿಕ ತರಬೇತಿ ಕಡ್ಡಾಯವಾಗಲಿ ಎಂಬ ಮಾತು ಈಗಲೂ ಆಗಾಗ ಕೇಳಿಬರುತ್ತದೆ. 2022ರ ಅಗ್ನಿಪಥ ಯೋಜನೆ ಬಂದಾಗಲೂ ಕೆಲವರು ಅದನ್ನು ಕಡ್ಡಾಯ ಸೇವೆಯೆಂದೇ ತಪ್ಪು ತಿಳಿದರು. ನಾಲ್ಕು ವರ್ಷದ ಆ ಸೇವೆಗೂ ಸೇರುವವರು ಅರ್ಜಿ ಹಾಕಿಯೇ ಸೇರಬೇಕು. ನಮಗೆ ಕವಾಯತು ಕಲಿಸಿದ ಹವಾಲ್ದಾರರೊಬ್ಬರು ಸೈನ್ಯಕ್ಕೆ ಸೇರಿದ್ದು ಊರಿನಲ್ಲಿ ಮಳೆ ಹೋದ ವರ್ಷ. ಅವರನ್ನು ಯಾವ ಕಾಯಿದೆಯೂ ಕರೆದಿರಲಿಲ್ಲ, ಬೇರೆ ದಾರಿಯೂ ಇರಲಿಲ್ಲ. ಕಡ್ಡಾಯದ ಪರ ವಾದಿಸುವವರು ಆ ಐದು ವರ್ಷದ ಲೆಕ್ಕವನ್ನೊಮ್ಮೆ ನೋಡಬೇಕು. ಸಾಲಿನಲ್ಲಿ ನಿಲ್ಲುವುದನ್ನು, ಹೊತ್ತಿಗೆ ಸರಿಯಾಗಿ ಏಳುವುದನ್ನು ನಾವು ಕಲಿತದ್ದು ನಿಜ. ತಪ್ಪಿಸಿಕೊಳ್ಳುವ ದಾರಿ ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂಬುದನ್ನು ಕಲಿತದ್ದೂ ಅಷ್ಟೇ ನಿಜ.