ಹತ್ತು ಪೈಸೆಯ ಲೆಕ್ಕ ತಪ್ಪದಿರಲು

ಹತ್ತು ಪೈಸೆ ಎಂದರೆ 0.1 ರೂಪಾಯಿ. ನಮಗೆ ಸರಳವಾದ ಈ ಸಂಖ್ಯೆ ಗಣಕದ ದ್ವಿಮಾನ ಪದ್ಧತಿಯಲ್ಲಿ ಮುಗಿಯುವುದೇ ಇಲ್ಲ. ದಶಮಾನದಲ್ಲಿ 1/3 ಮುಗಿಯದ ಹಾಗೆ. ಐಇಇಇ 754 ಮಾನಕ (1985) ಅನುಸರಿಸುವ ಗಣಕಗಳಲ್ಲಿ ಸಿ ಭಾಷೆಯ ‘ಡಬಲ್’ ಅದನ್ನು 53 ಬಿಟ್‌ಗಳ ಹತ್ತಿರದ ಬೆಲೆಗೆ ಹೊಂದಿಸಿಬಿಡುತ್ತದೆ. ಹಣದ ಲೆಕ್ಕಕ್ಕೆ ಇದು ಸಾಲದು.

1986ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಅವರ ನೇತೃತ್ವದಲ್ಲಿ ಪೋಸ್ಟ್‌ಗ್ರೆಸ್ ಡಾಟಾಬೇಸ್ ಯೋಜನೆ ಆರಂಭವಾಯಿತು. ಬಳಸುವವರೇ ಸಿ ಭಾಷೆಯಲ್ಲಿ ಹೊಸ ದತ್ತಾಂಶ ವಿಧಗಳನ್ನೂ ಫಂಕ್ಷನ್‌ಗಳನ್ನೂ ಬರೆದು ಸೇರಿಸಬಹುದೆಂಬುದು ಅದರ ವೈಶಿಷ್ಟ್ಯ. ಅದರ ಮುಂದುವರಿಕೆಯಾದ ಪೋಸ್ಟ್‌ಗ್ರೆಸ್‌ಕ್ಯೂಎಲ್‌ಗೆ 1998ರಲ್ಲಿ ಯಾನ್ ವೀಕ್ ಅವರು ‘ನ್ಯೂಮೆರಿಕ್’ ವಿಧವನ್ನು ಬರೆದರು. 2003ರಲ್ಲಿ ಟಾಮ್ ಲೇನ್ ಅವರು ಬಹುಮಟ್ಟಿಗೆ ಪರಿಷ್ಕರಿಸಿದರು. ಇದರಲ್ಲಿ ದಶಮಾನ ಅಂಕಿಗಳು ನಾಲ್ಕು ನಾಲ್ಕರ ಗುಂಪುಗಳಾಗಿ, ಅಂದರೆ 10,000ದ ಆಧಾರದಲ್ಲಿ, ಕೂರುತ್ತವೆ. ಪ್ರತಿ ಗುಂಪಿಗೆ 16 ಬಿಟ್. ಹೀಗಾಗಿ 0.1 ಎಂಬುದು 1000/10,000 ಆಗಿ ನಿಖರವಾಗಿಯೇ ಉಳಿಯುತ್ತದೆ.

ಆದರೆ ವಿಸ್ತರಣೆ ಬರೆಯುವವರು ಅನುಕೂಲಕ್ಕೆಂದು ಇದನ್ನು ಡಬಲ್‌ಗೆ ಬದಲಿಸಿದರೆ ಈ ಶ್ರಮವೆಲ್ಲ ವ್ಯರ್ಥ. 9007199254740993 ಎಂಬುದರ ಕೊನೆಯ 3 ಸದ್ದಿಲ್ಲದೆ 2 ಆಗುತ್ತದೆ. ಕೂಡಲು, ಗುಣಿಸಲು ನ್ಯೂಮೆರಿಕ್‌ನ ಸ್ವಂತ ಫಂಕ್ಷನ್‌ಗಳನ್ನೇ ಕರೆಯುವುದು ಸರಿಯಾದ ದಾರಿ.

ವಿದ್ಯಾರ್ಥಿಗಳೇ, ಡಬಲ್‌ನಲ್ಲಿ 0.1 ಅನ್ನು ಹತ್ತು ಬಾರಿ ಕೂಡಿ, ಮೊತ್ತವನ್ನು 17 ಅಂಕಿಗಳವರೆಗೆ ಮುದ್ರಿಸಿ ನೋಡಿ. ಅದು 1 ಆಗಿರುವುದೇ?