ಕರೆಂಟು ಹುಟ್ಟಿದ ಊರಿಗೆ ಏನು ದಕ್ಕಿತು?

1902ರ ಜೂನ್ ತಿಂಗಳಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 147 ಕಿಲೋಮೀಟರ್ ತಂತಿಯ ಮೇಲೆ ಓಡಿ ಕೋಲಾರದ ಚಿನ್ನದ ಗಣಿಯನ್ನು ಮುಟ್ಟಿತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ರೂಪುಗೊಂಡ ಆ ಯೋಜನೆ ಏಷ್ಯಾದ ಮೊದಮೊದಲ ಜಲವಿದ್ಯುತ್ ಸಾಹಸಗಳಲ್ಲಿ ಒಂದು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ದೀಪ ಬಂತು. ಕಾವೇರಿ ಧುಮುಕಿದ್ದು ಒಂದು ಕಡೆ, ಸಂಪತ್ತು ಬೆಳೆದದ್ದು ಇನ್ನೊಂದು ಕಡೆ. ನೀರು, ಗಾಳಿ, ಬಿಸಿಲುಗಳಿಂದ ಕರ್ನಾಟಕ ಮುಂದೆ ಕರೆಂಟು ತೆಗೆದ ಕಡೆಯಲ್ಲೆಲ್ಲ ಈ ಅಂತರ ಮತ್ತೆ ಮತ್ತೆ ಎದುರಾಗಿದೆ.

ಅದನ್ನು ನೇರವಾಗಿ ಎದುರಿಸಿದವರು ವಿಜ್ಞಾನಿ ಅಮೂಲ್ಯ ರೆಡ್ಡಿ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರು 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವನ್ನು ಕಟ್ಟಿದರು. ಹೊಗೆ ಕಡಿಮೆ ಮಾಡಿದ ಅಸ್ತ್ರ ಒಲೆ ಇಂದಿಗೂ ಹಲವರ ನೆನಪಿನಲ್ಲಿದೆ. ಆದರೆ ಅದಕ್ಕಿಂತ ದೊಡ್ಡ ಪಾಠ ಕಲಿಸಿದ್ದು ಕುಣಿಗಲ್ ತಾಲೂಕಿನ ಪುರ ಎಂಬ ಪುಟ್ಟ ಹಳ್ಳಿ. ಊರಿನ ಸಗಣಿಯಿಂದ ಎಲ್ಲ ಮನೆಗಳಿಗೂ ಅಡುಗೆ ಅನಿಲ ಕೊಡುವುದು ಮೊದಲ ಯೋಚನೆಯಾಗಿತ್ತು. ಸಗಣಿ ಸಾಲಲಿಲ್ಲ. ಬಡಕಲು ದನಗಳು ಲೆಕ್ಕಾಚಾರದಷ್ಟು ಹಾಕಬೇಕಲ್ಲ! ಆಗ ತಂಡ ದಾರಿ ಬದಲಿಸಿತು. ಅದೇ ಅನಿಲದಿಂದ ಎಂಜಿನ್ ಓಡಿಸಿ, 1987ರಿಂದ ಮನೆಗಳಿಗೆ ದೀಪವನ್ನೂ ಕೊಳವೆಬಾವಿಯ ಕುಡಿಯುವ ನೀರನ್ನೂ ಕೊಟ್ಟಿತು. ಸಗಣಿ ತಂದವರಿಗೆ ತೂಕದ ಲೆಕ್ಕದಲ್ಲಿ ಕಾಸು ಸಿಗುತ್ತಿತ್ತು, ಬಗ್ಗಡ ಗೊಬ್ಬರವಾಗಿ ಹೊಲಕ್ಕೇ ಮರಳುತ್ತಿತ್ತು. ಘಟಕ ನಡೆಸುವ ಕೆಲಸ ಊರಿನ ಹುಡುಗರದ್ದೇ. ಹತ್ತು ವರ್ಷದ ಆಸುಪಾಸು ನಡೆದು ಅದು ನಿಂತಿತು. ನಿಂತದ್ದರಿಂದ ಅದು ಸೋತಿತು ಎನ್ನುವುದು ಸರಿಯಲ್ಲ. ಮನೆಮನೆಯ ಪಾಲು, ದುಡಿಮೆ, ಲೆಕ್ಕ ಎಲ್ಲವನ್ನೂ ಕೂಡಿಸಿ ಯಂತ್ರವನ್ನು ಊರಿನದಾಗಿಸಿದ ಪ್ರಯೋಗ ಅದು.

1995ರಲ್ಲಿ ಹರೀಶ್ ಹಂದೆ ಸೆಲ್ಕೋ ಎಂಬ ಸೌರದೀಪದ ಕಂಪನಿ ಶುರುಮಾಡಿದಾಗ ಸೌರದೀಪ ಬಡವರಿಗಲ್ಲ ಎಂಬ ಮಾತು ಗಟ್ಟಿಯಾಗಿತ್ತು. ಹಂದೆಯವರ ಕಣ್ಣು ದೀಪದ ಬೆಲೆಗಿಂತ ಕಂತಿನ ಮೇಲೆ ಬಿತ್ತು. ಬೀದಿಬದಿಯ ವ್ಯಾಪಾರಿಗೆ ತಿಂಗಳಿಗೆ ಮುನ್ನೂರು ಭಾರ, ದಿನಕ್ಕೆ ಹತ್ತು ಹಗುರ. ಗ್ರಾಮೀಣ ಬ್ಯಾಂಕುಗಳನ್ನು ಒಪ್ಪಿಸಿ, ಸಾಲದ ಕಂತು ಗಳಿಕೆಯ ಲಯಕ್ಕೆ ಹೊಂದುವಂತೆ ಮಾಡಿದ್ದೇ ಅವರ ನಿಜವಾದ ಆವಿಷ್ಕಾರ. ಹೊಲಿಗೆಯಂತ್ರಕ್ಕೂ ರೊಟ್ಟಿಯಂತ್ರಕ್ಕೂ ಬಿಸಿಲಿನ ಕರೆಂಟು ಬಂದದ್ದು ಇದೇ ದಾರಿಯಲ್ಲಿ. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.



ಸೌರಶಕ್ತಿಯ ದೊಡ್ಡ ಜಿಗಿತ 2014ರ ಸೌರ ನೀತಿಯ ನಂತರದ್ದು. ಮರುವರ್ಷವೇ ಸೌರ ಪಾರ್ಕ್ ಕಟ್ಟಲು ರಾಜ್ಯ ಮತ್ತು ಕೇಂದ್ರದ ಜಂಟಿ ಕಂಪನಿ ಹುಟ್ಟಿತು. ಅದು ಹೋಗಿ ನಿಂತದ್ದು ತುಮಕೂರು ಜಿಲ್ಲೆಯ ಪಾವಗಡದಲ್ಲಿ. ಬರ ಅಲ್ಲಿ ಅಪರೂಪದ ಅತಿಥಿಯಲ್ಲ. ಕಡಲೆಕಾಯಿ ಕೈಕೊಟ್ಟ ವರ್ಷ ಜನ ಬೆಂಗಳೂರಿನ ಬಸ್ಸು ಹತ್ತುವುದು ಅಲ್ಲಿನ ವಾಡಿಕೆ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಎದ್ದಿತು. 2018ರ ಮಾರ್ಚ್‌ನಲ್ಲಿ ಮೊದಲ ಹಂತ, 2019ರ ಕೊನೆಗೆ ಪೂರ್ಣ.

ಪಾವಗಡದ ವಿಶೇಷ ಅದರ ಗಾತ್ರಕ್ಕಿಂತ ಅದರ ಕರಾರಿನಲ್ಲಿದೆ. ಸರ್ಕಾರ ಜಮೀನನ್ನು ಸ್ವಾಧೀನಪಡಿಸಿಕೊಳ್ಳದೆ, 28 ವರ್ಷಕ್ಕೆ ಗುತ್ತಿಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಹೊಲ ರೈತನ ಹೆಸರಿನಲ್ಲೇ ಉಳಿಯಿತು. ಐದೆಕರೆಯ ಒಕ್ಕಲಿಗೆ ಮಳೆ ಬಂದರೂ ಬಾರದಿದ್ದರೂ ಲಕ್ಷ ದಾಟಿದ ವರಮಾನ ಖಾತ್ರಿಯಾಯಿತು. ನಿವೇಶನ, ಅಣೆಕಟ್ಟು, ಕಾರ್ಖಾನೆ ಎಂದು ಭೂಮಿ ಕಳೆದುಕೊಂಡವರ ಗೋಳು ಕೇಳಿ ಬೆಳೆದ ನಾಡಿನಲ್ಲಿ ಇದು ಸಣ್ಣ ಹೆಜ್ಜೆಯಲ್ಲ.

ಆದರೆ ಆ ಹಣ ಬಂದದ್ದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲಗಳಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಬದುಕುತ್ತಿದ್ದ ಭೂಮಿಯಿಲ್ಲದ ಮನೆಗಳಿಗೆ ಗುತ್ತಿಗೆಯಲ್ಲಿ ಪಾಲಿಲ್ಲ, ಕೂಲಿಯೂ ಹೋಯಿತು. ಕುರಿಗಾಹಿಗಳಿಗೆ ಬೇಲಿ ಅಡ್ಡ ಬಂತು. ಪಾರ್ಕಿನೊಳಗೆ ಫಲಕ ತೊಳೆಯುವ, ಹುಲ್ಲು ಕತ್ತರಿಸುವ, ಕಾವಲು ಕಾಯುವ ಕೆಲಸಗಳುಂಟು, ಆದರೆ 13,000 ಎಕರೆ ಬೇಸಾಯ ಹೊತ್ತಷ್ಟು ಕೈಗಳನ್ನು ಅವು ಹೊರಲಾರವು. ಪುರದಲ್ಲಿ ಸಗಣಿ ತಂದವರಿಗೂ ಕಾಸು ಎಣಿಸಿಕೊಟ್ಟ ಲೆಕ್ಕದ ಪುಸ್ತಕವಿತ್ತು. ಅದೇ ತುಮಕೂರು ಜಿಲ್ಲೆಯ ಈ ದೊಡ್ಡ ಪಾರ್ಕಿನ ಕರಾರಿನಲ್ಲಿ ಕೂಲಿಯವರಿಗೆ, ಕುರಿ ಮೇಯಿಸುವವರಿಗೆ ಒಂದು ಕಲಮು ಬರೆಯಲು ಜಾಗವಿದ್ದೇ ಇತ್ತು. ಮುಂದಿನ ಪಾರ್ಕುಗಳಿಗೆ ಜಮೀನು ಕೇಳುವವರು ಮೊದಲು ಭೇಟಿಯಾಗಬೇಕಾದದ್ದು ತಿರುಮಣಿಯ ಸುತ್ತಮುತ್ತ ಕೂಲಿ ಹುಡುಕಿಕೊಂಡು ಬೇರೆ ಊರಿಗೆ ಹೊರಟ, ಭೂಮಿಯಿಲ್ಲದ ಮನೆಗಳ ಹೆಂಗಸರನ್ನು.